ನೆರೆ ಇಳಿದ ಮೇಲಿನ ದಾನ



ವಿಪತ್ತು ಬಂದೆರಗಿದಾಗ ಜನ ಕೈಬಿಚ್ಚಿ ಕೊಡುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. 2009ರಲ್ಲಿ ಉತ್ತರ ಕರ್ನಾಟಕದ ಊರುಗಳು ಮುಳುಗಿದಾಗ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ದಂಡೆ ಮೀರಿದಾಗ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದಾಗ, ಮಠಗಳಿಂದ ಹಿಡಿದು ಕಾಲೇಜುಗಳವರೆಗೆ, ಆಟೊ ಚಾಲಕರ ಸಂಘಗಳಿಂದ ಹಿಡಿದು ದೊಡ್ಡ ಕಂಪನಿಗಳವರೆಗೆ ಎಲ್ಲರೂ ನೆರವಿಗೆ ಧಾವಿಸಿದರು. ಆದರೆ ಕೊಟ್ಟದ್ದು ಯಾವ ರೂಪದಲ್ಲಿ, ಯಾವ ಹೊತ್ತಿನಲ್ಲಿ, ಯಾವ ದಾರಿಯಿಂದ ಸಂತ್ರಸ್ತರನ್ನು ತಲುಪಿತು ಎಂಬ ವಿಚಾರಣೆ ಅಷ್ಟೇ ಉತ್ಸಾಹದಿಂದ ನಡೆದಿಲ್ಲ. ದಾನದ ಮಹಿಮೆಯನ್ನು ಹೇಳುವ ಬರಹ ಕನ್ನಡದಲ್ಲಿ ಹೇರಳವಾಗಿದೆ, ದಾನದ ಪರಿಣಾಮವನ್ನು ಅಳೆಯುವ ಬರಹ ತೀರ ಕಡಿಮೆ.

ಈ ನಾಡಿಗೆ ಲೆಕ್ಕವಿಟ್ಟು ದಾನ ಮಾಡುವ ಪರಂಪರೆ ಹೊಸದಲ್ಲ. ಕರ್ನಾಟಕದ ದಾನಶಾಸನಗಳು ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಅಳತೆ ಎಷ್ಟು, ಅದರ ಎಲ್ಲೆಗಳು ಯಾವುವು, ಯಾವ ಉದ್ದೇಶಕ್ಕೆ ಬಿಟ್ಟದ್ದು, ಸಾಕ್ಷಿಗಳು ಯಾರು ಎಂಬುದನ್ನೆಲ್ಲ ಕಲ್ಲಿನ ಮೇಲೆ ಬರೆಸಿ, ಕೊನೆಗೆ ಅದನ್ನು ಅಳಿಸಿದವರಿಗೆ ಶಾಪವನ್ನೂ ಸೇರಿಸುತ್ತವೆ. ಕೆರೆ ಕಟ್ಟಿಸಿದ ದಾನಿ ಅಲ್ಲಿಗೇ ನಿಲ್ಲದೆ, ಅದರ ಹೂಳೆತ್ತಲು ಮತ್ತು ಏರಿಯನ್ನು ಭದ್ರಪಡಿಸಲು ಬೇಕಾದ ಆದಾಯಕ್ಕೆಂದು ಬೇರೆಯಾಗಿ ಭೂಮಿ ಬಿಟ್ಟ ನಿದರ್ಶನಗಳೂ ಇವೆ. ಕೊಡುವ ಕ್ಷಣದಷ್ಟೇ ಅದರ ನಂತರದ ವರ್ಷಗಳೂ ಮುಖ್ಯವೆಂಬ ಈ ತಿಳಿವಳಿಕೆಯು ಇಂದಿನ ವಿಪತ್ತು ಪರಿಹಾರದಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದೇ ಈ ಸಂಕಿರಣದ ಮುಂದಿರುವ ಮೂಲ ಪ್ರಶ್ನೆ.

ಮೊದಲು ವಸ್ತುರೂಪದ ದಾನವನ್ನು ನೋಡಬಹುದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಗಳಿಂದ ಬಂದ ಹಳೆ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಯಾಗಿ ಬಿದ್ದಿದ್ದವು. 1999ರಲ್ಲಿ ಅಂಶು ಗುಪ್ತಾ ಅವರು ಸ್ಥಾಪಿಸಿದ ಗೂಂಜ್ ಸಂಸ್ಥೆಯು ಹೀಗೆ ಯಾರಿಗೂ ಬೇಡವಾದ ಬಟ್ಟೆಯನ್ನು ವಿಂಗಡಿಸಿ ಮರುಬಳಕೆಗೆ ತರುವ ಕೆಲಸವನ್ನು ಕೈಗೆತ್ತಿಕೊಂಡಿತು. ಕರ್ನಾಟಕದಲ್ಲಿ ಹಿಂದೆ ಗಂಜಿ ಕೇಂದ್ರವೆಂದೂ ಈಗ ಸರ್ಕಾರಿ ಕಡತಗಳಲ್ಲಿ ಕಾಳಜಿ ಕೇಂದ್ರವೆಂದೂ ಕರೆಯಲಾಗುವ ತಾತ್ಕಾಲಿಕ ಆಸರೆ ತಾಣವು ಬಹುಮಟ್ಟಿಗೆ ಒಂದು ಸರ್ಕಾರಿ ಶಾಲೆ ಅಥವಾ ಸಮುದಾಯ ಭವನವಾಗಿರುತ್ತದೆ. ಅಲ್ಲಿಗೆ ಬಟ್ಟೆಯ ಲಾರಿ ಬಂದು ನಿಂತರೆ ಗಂಟುಗಳನ್ನು ಇಳಿಸಲು ಆಳು ಬೇಕು, ಇರಿಸಲು ಮಳೆ ಸೋರದ ಕೋಣೆ ಬೇಕು, ಸೀರೆ ಬೇರೆ, ಅಂಗಿ ಬೇರೆ, ಮಕ್ಕಳ ಬಟ್ಟೆ ಬೇರೆ ಎಂದು ವಿಂಗಡಿಸಲು ಸಮಯ ಬೇಕು, ಮತ್ತು ಈ ಮೂರೂ ಅಲ್ಲಿ ಮಲಗಿರುವ ಕುಟುಂಬಗಳ ಪಾಲಿನಿಂದಲೇ ಕಡಿತವಾಗುತ್ತವೆ. ಇಷ್ಟಾಗಿಯೂ ಆ ಗಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ಬೇಕಾದ ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಸಿಗುವುದು ಅಪರೂಪ. ಉಟ್ಟು ಬಿಟ್ಟ ಬಟ್ಟೆಯನ್ನು ಮನೆಯಿಂದ ಹೊರಹಾಕುವ ಅನುಕೂಲವನ್ನೇ ದಾನವೆಂದು ಕರೆಯುವುದು ಸರಿಯಲ್ಲ.

ಔಷಧದ ವಿಷಯದಲ್ಲಿ ಈ ತೊಡಕು ಇನ್ನಷ್ಟು ಗಂಭೀರವಾದುದು. 1988ರಲ್ಲಿ ಅರ್ಮೇನಿಯದಲ್ಲಿ ಭೂಕಂಪವಾದಾಗ ಅಲ್ಲಿಗೆ ಸುಮಾರು 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿ ಬಂದಿಳಿದಿತ್ತು. ಅದರಲ್ಲಿ ತಕ್ಷಣ ಬಳಸಬಹುದಾಗಿದ್ದುದು ಶೇ 30ರಷ್ಟು ಮಾತ್ರ, ಶೇ 20ರಷ್ಟನ್ನು ಕೊನೆಗೆ ನಾಶಪಡಿಸಬೇಕಾಯಿತು. ಇಂಥ ಅನುಭವಗಳ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿ ಔಷಧ ದಾನಕ್ಕೆ ಮಾರ್ಗಸೂಚಿ ರೂಪಿಸಿ, ಪಡೆಯುವವರು ಕೇಳಿದ್ದನ್ನೇ ಕೊಡಬೇಕು, ತಲುಪಿದ ಮೇಲೆ ಕನಿಷ್ಠ ಒಂದು ವರ್ಷವಾದರೂ ಬಳಕೆಯ ಅವಧಿ ಉಳಿದಿರಬೇಕು, ಸ್ಥಳೀಯ ವೈದ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಚೀಟಿ ಇರಬೇಕು ಎಂಬ ನಿಯಮಗಳನ್ನು ಮುಂದಿಟ್ಟಿತು.

ಆದ್ದರಿಂದಲೇ ಪರಿಹಾರ ಕಾರ್ಯದಲ್ಲಿ ತೊಡಗಿದವರು ವಸ್ತುವಿಗಿಂತ ಹಣವನ್ನು ಕೇಳುತ್ತಾರೆ. ಹಣ ಕೊಟ್ಟರೆ ಹತ್ತಿರದ ಪೇಟೆಯ ಅಂಗಡಿಯಲ್ಲಿಯೇ ಅಕ್ಕಿ, ಬೇಳೆ, ಚಾಪೆ, ಬಕೆಟ್ ಕೊಳ್ಳಬಹುದು, ಸಾಗಣೆಯ ಖರ್ಚು ಉಳಿಯುತ್ತದೆ, ನೆರೆಯಿಂದ ವ್ಯಾಪಾರ ನಿಂತುಹೋದ ಆ ಊರಿನ ಕಿರಾಣಿ ಅಂಗಡಿಯೂ ಚೇತರಿಸಿಕೊಳ್ಳುತ್ತದೆ. ವಸ್ತುಗಳನ್ನು ಕಳುಹಿಸಲೇಬೇಕೆಂದಾದರೆ ಜಿಲ್ಲಾಡಳಿತವೋ ಸ್ಥಳದಲ್ಲಿರುವ ಸಂಸ್ಥೆಯೋ ಆ ದಿನ ಕೇಳಿರುವ ಪಟ್ಟಿಯನ್ನು ನೋಡಿ ಕಳುಹಿಸುವುದು ಉಚಿತ, ಏಕೆಂದರೆ ಮೊದಲ ದಿನ ಬೇಕಾದ ನೀರಿನ ಬಾಟಲಿ ನಾಲ್ಕನೆಯ ದಿನದ ಹೊತ್ತಿಗೆ ಮಿಗತೆಯಾಗಿರಬಹುದು.

ಹಣವನ್ನು ಯಾರಿಗೆ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಇಲ್ಲಿ ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳುವುದು ಅಗತ್ಯ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿರುವ ರಾಜ್ಯ ವಿಪತ್ತು ಪರಿಹಾರ ನಿಧಿಯು ಸರ್ಕಾರದ ಹಣ, ಅಂದರೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರವು ಶೇ 75ನ್ನೂ ರಾಜ್ಯವು ಶೇ 25ನ್ನೂ ಭರಿಸುವ ನಿಧಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಯು ಇದರಿಂದ ಬೇರೆಯಾದುದು. ಜನರ ದೇಣಿಗೆಯೂ ಸೇರುವ ಈ ನಿಧಿಯಿಂದ ವಿಪತ್ತಿನ ಜೊತೆಗೆ ಬಡ ರೋಗಿಗಳ ಚಿಕಿತ್ಸೆಗೂ ನೆರವು ಸಿಗುತ್ತದೆ. ದೇಶವಿಭಜನೆಯಿಂದ ನಿರ್ಗತಿಕರಾದವರ ನೆರವಿಗೆಂದು 1948ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ ಮತ್ತು 2020ರ ಮಾರ್ಚ್‌ನಲ್ಲಿ ಸಾರ್ವಜನಿಕ ದತ್ತಿ ಟ್ರಸ್ಟ್ ಆಗಿ ನೋಂದಣಿಯಾದ ಪಿಎಂ ಕೇರ್ಸ್ ನಿಧಿ ಇನ್ನೆರಡು. ಇವುಗಳಲ್ಲಿ ಎರಡನೆಯದು ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರವಲ್ಲವೆಂದು ಪ್ರಧಾನಮಂತ್ರಿ ಕಾರ್ಯಾಲಯವು ದೆಹಲಿ ಹೈಕೋರ್ಟ್‌ಗೆ ತಿಳಿಸಿದೆ. ಸರ್ಕಾರದ ಹೆಸರಿದ್ದ ಮಾತ್ರಕ್ಕೆ ಎಲ್ಲ ನಿಧಿಗಳೂ ಒಂದೇ ಬಗೆಯ ತಪಾಸಣೆಗೆ ಒಳಪಡುತ್ತವೆ ಎಂದು ದಾನಿ ಭಾವಿಸಬೇಕಾಗಿಲ್ಲ.

ಸ್ವಯಂಸೇವಾ ಸಂಸ್ಥೆಗೆ ಕೊಡುವವರು ಪರಿಶೀಲಿಸಬಹುದಾದ ದಾಖಲೆಗಳು ಇಂದು ಕೈಗೆ ಸಿಗುವಂತಿವೆ. ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಗುರುತಿನ ಸಂಖ್ಯೆ ಇರುತ್ತದೆ. ತೆರಿಗೆ ವಿನಾಯಿತಿಗೆ 80ಜಿ ಮಾನ್ಯತೆ ಪಡೆದ ಸಂಸ್ಥೆಗಳು ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮ 2021–22ರ ಆರ್ಥಿಕ ವರ್ಷದಿಂದ ಜಾರಿಗೆ ಬಂದಿದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಈ ವಿನಾಯಿತಿ ಸಿಗದು. ವಿಪತ್ತಿನ ಮರುದಿನವೇ ಹುಟ್ಟಿಕೊಳ್ಳುವ ಸಂಸ್ಥೆಗಳ ಬಗ್ಗೆ, ಮೊಬೈಲಿನಲ್ಲಿ ಹರಿದಾಡುವ ಯುಪಿಐ ವಿಳಾಸಗಳ ಬಗ್ಗೆ ಎಚ್ಚರ ಬೇಕು. ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್ ನಿಧಿಯ ವಿಳಾಸದಿಂದ ಕೇವಲ ‘ಎಸ್’ ಎಂಬ ಒಂದಕ್ಷರವನ್ನು ಬಿಟ್ಟು ನಕಲಿ ಯುಪಿಐ ವಿಳಾಸವನ್ನು ಸೃಷ್ಟಿಸಲಾಗಿತ್ತು. ವಿದೇಶಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ಸೂಕ್ಷ್ಮವಿದೆ: ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳುಹಿಸುವ ದೇಣಿಗೆಯನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ, ಆದರೆ ಅನ್ಯದೇಶದ ಪೌರತ್ವ ಪಡೆದು ಸಾಗರೋತ್ತರ ಭಾರತೀಯರೆಂಬ ಕಾರ್ಡು ಮಾತ್ರ ಹೊಂದಿರುವವರ ದೇಣಿಗೆಯನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆದ ಸಂಸ್ಥೆಗಳು ಮಾತ್ರ ಸ್ವೀಕರಿಸಬಹುದು.

ಆಡಳಿತ ವೆಚ್ಚ ಕಡಿಮೆಯಿರುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ ಎಂಬ ನಂಬಿಕೆಯನ್ನೂ ಈ ಗೋಷ್ಠಿಗಳು ಪ್ರಶ್ನಿಸಬೇಕಾಗಿದೆ. ಲೆಕ್ಕ ಬರೆಯುವವರು, ಲೆಕ್ಕಪರಿಶೋಧಕರು, ಫಲಾನುಭವಿಗಳ ಪಟ್ಟಿಯನ್ನು ಮನೆಮನೆಗೆ ಹೋಗಿ ತಾಳೆ ನೋಡುವ ಕಾರ್ಯಕರ್ತರು ಇವರೆಲ್ಲರ ಸಂಬಳವೂ ಆಡಳಿತ ವೆಚ್ಚದಲ್ಲಿಯೇ ಸೇರಿಹೋಗಬಹುದು. ದಾನಿಯು ಪ್ರಾಮಾಣಿಕ ಲೆಕ್ಕವನ್ನು ಕೇಳುತ್ತಲೇ ಲೆಕ್ಕವಿಡುವವರ ಖರ್ಚನ್ನು ಅಪವ್ಯಯವೆಂದು ಹೀಗಳೆಯುವುದು ಒಪ್ಪತಕ್ಕ ಮಾತಲ್ಲ.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಕಾಲದ ಪ್ರಶ್ನೆ. ಟಿವಿಯಲ್ಲಿ ನೀರು ಕಾಣಿಸುತ್ತಿರುವಷ್ಟು ದಿನ ದೇಣಿಗೆ ಹರಿಯುತ್ತದೆ, ಪುನರ್ವಸತಿಯಾದರೋ ವರ್ಷಗಟ್ಟಲೆ ಹಿಡಿಯುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಗೆ ಹೆಚ್ಚುಕಡಿಮೆ 50 ಕೋಟಿ ಡಾಲರ್ ಸೇರಿತ್ತು. ಐದು ವರ್ಷಗಳ ನಂತರ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಸುದ್ದಿಸಂಸ್ಥೆಗಳು ನಡೆಸಿದ ತನಿಖೆಯು ಆ ಸಂಸ್ಥೆ ಕಟ್ಟಿದ ಶಾಶ್ವತ ಮನೆಗಳು ಆರು ಮಾತ್ರ ಎಂದು ವರದಿ ಮಾಡಿತು. ಹಣವು ತಾತ್ಕಾಲಿಕ ವಸತಿ, ಆರೋಗ್ಯ ಮುಂತಾದ ಕೆಲಸಗಳಿಗೆ ವಿನಿಯೋಗವಾಗಿದೆ ಎಂದು ಸಂಸ್ಥೆ ಸಮರ್ಥಿಸಿಕೊಂಡಿತು. ಜಮೀನಿನ ಒಡೆತನದ ವ್ಯಾಜ್ಯಗಳು, ಸ್ಥಳೀಯ ಭಾಷೆ ಬಾರದ ಹೊರಗಿನ ಸಿಬ್ಬಂದಿಯ ಮೇಲಿನ ಅವಲಂಬನೆ ಈ ವೈಫಲ್ಯದ ಕಾರಣಗಳಲ್ಲಿ ಸೇರಿದ್ದವು.

ಮನೆಗಳನ್ನು ಕಟ್ಟಿದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಸಂಭವಿಸಿದ ಭೂಕಂಪದ ನಂತರ 52 ಗ್ರಾಮಗಳನ್ನು ಸ್ಥಳಾಂತರಿಸಿ, ಪಟ್ಟಣದ ಬಡಾವಣೆಯ ಮಾದರಿಯಲ್ಲಿ ಸಾಲುಮನೆಗಳನ್ನು ಕಟ್ಟಿದ್ದು ಹಳ್ಳಿಯ ಬದುಕಿಗೆ ಒಗ್ಗಲಿಲ್ಲವೆಂಬ ಟೀಕೆ ಅಧ್ಯಯನಗಳಲ್ಲಿ ಬಂದಿದೆ. 2009ರ ನೆರೆಯ ನಂತರ ಕರ್ನಾಟಕ ಸರ್ಕಾರವು ದಾನಿಗಳ ನೆರವಿನೊಂದಿಗೆ ‘ಆಸರೆ’ ಯೋಜನೆಯಲ್ಲಿ ಕಟ್ಟಿಸಿದ ಮನೆಗಳಲ್ಲಿಯೂ ಅನೇಕವು ಖಾಲಿ ಉಳಿದವು. ಎತ್ತು, ಎಮ್ಮೆ ಕಟ್ಟಲು ಜಾಗವಿಲ್ಲದ, ಮೇವಿನ ಬಣವೆಗೆ ಹಿತ್ತಲಿಲ್ಲದ, ಹೊಲದಿಂದ ದೂರದ ಮನೆಗೆ ರೈತ ಕುಟುಂಬ ಹೋಗಲು ಹಿಂದೇಟು ಹಾಕಿದ್ದರಲ್ಲಿ ಅಚ್ಚರಿಯೇನಿಲ್ಲ. ದಾನಿಯ ಹೆಸರಿನ ಫಲಕ ಗೋಡೆಯ ಮೇಲೆ ಇರಲಿ, ಆದರೆ ನಕ್ಷೆ ಬರೆಯುವ ಮೊದಲು ಆ ಮನೆಯ ಹೆಂಗಸನ್ನು ಒಲೆ ಎಲ್ಲಿರಬೇಕೆಂದು ಕೇಳಿದ್ದರೆ ಆ ಫಲಕಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಸರ್ಕಾರದ ಪರಿಹಾರ ತಲುಪದ ಸಂದುಗಳಲ್ಲಿಯೇ ಖಾಸಗಿ ದಾನಕ್ಕೆ ನಿಜವಾದ ಕೆಲಸವಿದೆ. 2019ರ ನೆರೆಯಲ್ಲಿ ಮನೆಹಾನಿಯನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಪೂರ್ಣ ಹಾನಿಯ ಎ ವರ್ಗಕ್ಕೆ 5 ಲಕ್ಷ ರೂಪಾಯಿ ಘೋಷಿಸಲಾಯಿತು. ಪಂಚನಾಮೆ, ಅಂದರೆ ಸಾಕ್ಷಿಗಳ ಸಮಕ್ಷಮ ಸ್ಥಳದಲ್ಲಿ ಬರೆಯುವ ಹಾನಿಯ ದಾಖಲೆ, ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಕೇಳುತ್ತದೆ. ಬಾಡಿಗೆಗಿದ್ದವರು, ಕಾಫಿ ತೋಟದ ಲೈನ್‌ಮನೆಗಳ ಕಾರ್ಮಿಕರು, ಹಕ್ಕುಪತ್ರವಿಲ್ಲದವರು, ಬೇರೆಯಾಗಿ ಬದುಕುತ್ತಿದ್ದರೂ ಖಾತೆ ಮಾಡಿಸಿಕೊಳ್ಳದ ತಮ್ಮಂದಿರು ಇಲ್ಲಿ ಸುಲಭವಾಗಿ ಪಟ್ಟಿಯಿಂದ ಹೊರಗುಳಿಯುತ್ತಾರೆ. ನೀರುಪಾಲಾದ ಪಡಿತರ ಚೀಟಿ, ಪಹಣಿ, ಅಂಕಪಟ್ಟಿಗಳನ್ನು ಮತ್ತೆ ಮಾಡಿಸಿಕೊಡಲು, ಮೇಲ್ಮನವಿ ಬರೆದುಕೊಡಲು, ತಾಲ್ಲೂಕು ಕಚೇರಿಗೆ ಜೊತೆಯಾಗಿ ಹೋಗಿಬರಲು ಒಬ್ಬ ಕಾರ್ಯಕರ್ತನನ್ನು ಒಂದು ವರ್ಷ ನಿಯೋಜಿಸಿದರೆ ಅನೇಕ ಕುಟುಂಬಗಳಿಗೆ ಅವುಗಳ ಹಕ್ಕಿನ ಹಣವೇ ದೊರೆಯುತ್ತದೆ. ಇಂಥ ಕೆಲಸದ ಫೋಟೊ ಪತ್ರಿಕೆಯಲ್ಲಿ ಬರುವುದಿಲ್ಲವಾದ್ದರಿಂದ ಇದಕ್ಕೆ ದಾನಿಗಳೂ ವಿರಳ.

ದೇಣಿಗೆ ಅಗತ್ಯವನ್ನು ಮೀರಿ ಬಂದಾಗ ಏನು ಮಾಡಬೇಕೆಂಬುದಕ್ಕೂ ಒಂದು ನಿದರ್ಶನವಿದೆ. 2004ರ ಸುನಾಮಿಯಾದ ಕೆಲವೇ ದಿನಗಳಲ್ಲಿ, 2005ರ ಜನವರಿಯ ಆರಂಭದಲ್ಲಿ, ಗಡಿರಹಿತ ವೈದ್ಯರು ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಆ ವಿಪತ್ತಿಗೆ ಬೇಕಾದಷ್ಟು ಹಣ ಬಂದಿದೆಯೆಂದು ಬಹಿರಂಗವಾಗಿ ಹೇಳಿ, ಮಿಕ್ಕ ದೇಣಿಗೆಯನ್ನು ಬೇರೆ ಸಂಕಟಗಳಿಗೆ ಬಳಸಲು ದಾನಿಗಳ ಒಪ್ಪಿಗೆ ಕೇಳಿತು. ಸಂಸ್ಥೆಯೊಂದು ಸಾಕು ಎಂದು ಹೇಳುವ ಧೈರ್ಯ ತೋರಬೇಕಾದರೆ ದಾನಿಯೂ ಅದನ್ನು ಕೇಳಿಸಿಕೊಳ್ಳುವಷ್ಟು ಪ್ರಬುದ್ಧನಾಗಿರಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಸಂಕಿರಣದ ಮುಂದೆ ಎರಡು ಕೋರಿಕೆಗಳಿವೆ. ಕರ್ನಾಟಕದ ಯಾವುದಾದರೂ ಒಂದು ನೆರೆಪೀಡಿತ ಗ್ರಾಮಕ್ಕೆ ಬಂದ ದೇಣಿಗೆ ಏನಾಯಿತೆಂಬುದನ್ನು ಮೊದಲ ದಿನದಿಂದ ಐದನೆಯ ವರ್ಷದವರೆಗೆ ಹಿಂಬಾಲಿಸುವ ಅಧ್ಯಯನವನ್ನು ಇಲ್ಲಿ ಸೇರಿರುವ ವಿಭಾಗಗಳಲ್ಲಿ ಒಂದಾದರೂ ಕೈಗೆತ್ತಿಕೊಳ್ಳಲಿ. ದೇಣಿಗೆ ಸಂಗ್ರಹಿಸುವ ಸಂಸ್ಥೆಗಳು ಒಟ್ಟು ಮೊತ್ತದಲ್ಲಿ ಅರ್ಧವನ್ನಾದರೂ ನೀರು ಇಳಿದ ಆರು ತಿಂಗಳ ನಂತರದ ಕೆಲಸಕ್ಕೆ ಕಾದಿರಿಸಿ, ಆ ಖರ್ಚಿನ ಲೆಕ್ಕವನ್ನು ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದ ಮೇಲೆಯೇ ಪ್ರಕಟಿಸಲಿ.