ಹಳೆಯ ಸೈಕಲ್ಲಿನ ನಡು ಅಚ್ಚು



ಹಳೆಯ ಸೈಕಲ್ಲನ್ನು ಕೊಳ್ಳಹೋದವರು ಮೊದಲು ನೋಡುವುದು ಬಣ್ಣವನ್ನು. ಆಮೇಲೆ ಗಂಟೆಯನ್ನು ಬಾರಿಸುತ್ತಾರೆ, ಬ್ರೇಕನ್ನು ಹಿಡಿದು ಬಿಡುತ್ತಾರೆ, ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಇವೆಲ್ಲವೂ ಯುಕ್ತವೇ. ಆದರೆ ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಸರಿಪಡಿಸುವುದೂ ಸುಲಭ. ಕಣ್ಣಿಗೆ ಕಾಣದಂತೆ ಕೆಡುವ ಭಾಗ ಬೇರೊಂದುಂಟು. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ತಳದಲ್ಲಿ, ಅಡ್ಡಲಾಗಿ ಮಲಗಿರುವ ಗಿಡ್ಡ ಕೊಳವೆಯೇ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಬಾಟಮ್ ಬ್ರಾಕೆಟ್ ಎಂದು ಹೆಸರು, ಅಂಗಡಿಗಳಲ್ಲಿ ಬಿ. ಬಿ. ಎಂದರೆ ಸಾಕು. ಅದರೊಳಗೆ ತಿರುಗುವ ಸರಳನ್ನು ನಾವು ನಡು ಅಚ್ಚು ಎಂದು ಕರೆಯೋಣ. ಸವಾರನ ಎರಡು ಕಾಲುಗಳ ಒತ್ತಡವನ್ನೂ ಹೊರುವುದು ಆ ಅಚ್ಚು.

ಈ ವಿಷಯಕ್ಕೆ ನಿದರ್ಶನವಾಗಿ ಕುಮಟಾ, ಹೊನ್ನಾವರ, ಭಟ್ಕಳ ಎಂಬ ಮೂರು ಊರುಗಳನ್ನು ತೆಗೆದುಕೊಳ್ಳುವುದಕ್ಕೆ ಕಾರಣವುಂಟು. ಮೂರೂ ಉತ್ತರ ಕನ್ನಡದ ಕರಾವಳಿಯಲ್ಲಿ ಒಂದೇ ಹೆದ್ದಾರಿಯ ಮೇಲೆ, ಸುಮಾರು 60 ಕಿಲೋಮೀಟರುಗಳೊಳಗೆ ಇವೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಂದರೆ ಮೈಸೂರಿನ ಮಳೆಯ ಮೂರು ಪಟ್ಟಿಗೂ ಹೆಚ್ಚು. ಅದರ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಮಳೆ ನಿಂತೊಡನೆ ಕೆಮ್ಮಣ್ಣಿನ ಧೂಳು ಏಳುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಹೊನ್ನಾವರದ ಬಳಿ ಶರಾವತಿ ಸಮುದ್ರವನ್ನು ಸೇರುತ್ತದೆ. ಭಟ್ಕಳದಲ್ಲಿ ಮೀನುಗಾರಿಕೆಯ ಬಂದರಿದೆ. ನೀರು, ಧೂಳು, ಉಪ್ಪು ಈ ಮೂರೂ ಕಬ್ಬಿಣಕ್ಕೆ ವೈರಿಗಳು. ಒಳನಾಡಿನ ಸೈಕಲ್ಲು ಹಲವು ವರ್ಷಗಳಲ್ಲಿ ಕಾಣುವ ಸವೆತವನ್ನು ಇಲ್ಲಿಯದು ಬೇಗನೆ ಕಾಣುತ್ತದೆ. ಆದಕಾರಣ ಈ ತೀರದಲ್ಲಿ ಕೈಯಿಂದ ಕೈಗೆ ಹೋಗುವ ಸೈಕಲ್ಲನ್ನು ಪರೀಕ್ಷಿಸಲು ಬಲ್ಲವನು ಎಲ್ಲಿಯ ಸೈಕಲ್ಲನ್ನಾದರೂ ಪರೀಕ್ಷಿಸಬಲ್ಲನು.

ಹಳೆಯ ಸೈಕಲ್ಲನ್ನು ಕೊಳ್ಳುವವರು ಯಾರು? ಶಾಲೆಗೆ ಹೋಗುವ ಮಕ್ಕಳು, ಅಂಗಡಿಯ ಆಳುಗಳು, ಕೂಲಿಗೆಂದು ದೂರದಿಂದ ಬಂದವರು. 2006–07ರಲ್ಲಿ ಆರಂಭವಾದ ಯೋಜನೆಯಂತೆ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಲವು ವರ್ಷ ಸೈಕಲ್ಲುಗಳನ್ನು ಕೊಟ್ಟಿತು. ಅಂಥ ಸೈಕಲ್ಲು ಅಣ್ಣನಿಂದ ತಂಗಿಗೆ, ತಂಗಿಯಿಂದ ನೆರೆಮನೆಗೆ ದಾಟುವುದು ಸಹಜ. ನಡು ಅಚ್ಚು ಬಿಗಿದುಕೊಂಡಿರುವ ಸೈಕಲ್ಲನ್ನು ತುಳಿಯುವ ಹುಡುಗಿಗೆ ದೋಷ ಯಂತ್ರದ್ದೆಂದು ತಿಳಿಯುವುದಿಲ್ಲ. ತನ್ನ ಕಾಲಿನಲ್ಲೇ ಕಸುವಿಲ್ಲವೆಂದು ಭಾವಿಸುತ್ತಾಳೆ. ಹಣವಿದ್ದವನು ಕೆಟ್ಟ ಸೈಕಲ್ಲನ್ನು ಮೂಲೆಗಿಟ್ಟು ಬೇರೊಂದನ್ನು ತರಬಲ್ಲನು. ಇವರು ಎರಡನೆಯ ಸಲ ಕೊಳ್ಳಲಾರರು.

ಇನ್ನು ಭಾಗದ ರಚನೆಯನ್ನು ನೋಡೋಣ. ಸಾಮಾನ್ಯ ಕಪ್ಪು ಸೈಕಲ್ಲಿನಲ್ಲಿ ಕೊಳವೆಯ ಎರಡು ಬಾಯಿಗಳಿಗೂ ಒಂದೊಂದು ಉಕ್ಕಿನ ಬಟ್ಟಲನ್ನು ತಿರುಪಿ ಕೂರಿಸಿರುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಕಪ್ಪು ಎನ್ನುತ್ತಾರೆ. ಒಂದೊಂದು ಬಟ್ಟಲಿನಲ್ಲೂ ಕಾಲು ಅಂಗುಲದ ಹನ್ನೊಂದು ಗುಂಡುಗಳು. ಎರಡೂ ಕಡೆ ಸೇರಿ ಇಪ್ಪತ್ತೆರಡು. ಗುಂಡುಗಳ ಮೇಲೆ ಅಚ್ಚು ಉರುಳುತ್ತದೆ. ಅಚ್ಚಿನ ತುದಿಗಳಿಗೆ ಕ್ರ್ಯಾಂಕುಗಳನ್ನು ಕಾಟರ್ ಪಿನ್ನೆಂಬ ಬೆಣೆಯಿಂದ ಬಿಗಿದಿರುತ್ತಾರೆ. ಬಲಗಡೆಯ ಬಟ್ಟಲು ಸ್ಥಿರವಾದದ್ದು. ಎಡಗಡೆಯದನ್ನು ಹೆಚ್ಚು ಕಡಮೆ ಬಿಗಿಮಾಡಬಹುದು, ಅದನ್ನು ನಿಲ್ಲಿಸಲು ಮೇಲೊಂದು ಲಾಕ್ ರಿಂಗ್ ಇರುತ್ತದೆ.

ಇಲ್ಲಿ ನಷ್ಟದ ಮೆಟ್ಟಿಲುಗಳನ್ನು ಗಮನಿಸಬೇಕು. ಮೊದಲು ಒಣಗುವುದು ಗ್ರೀಸು. ಅದಾದ ಮೇಲೆ ಗುಂಡುಗಳು ತುಕ್ಕು ಹಿಡಿದು ಸವೆಯುತ್ತವೆ. ಸವೆದ ಗುಂಡುಗಳು ಬಟ್ಟಲನ್ನೂ ಅಚ್ಚನ್ನೂ ಕೊರೆಯುತ್ತವೆ. ಸಡಿಲವಾದ ಬಟ್ಟಲು ಅಲುಗಾಡುತ್ತ ಕೊನೆಗೆ ಚೌಕಟ್ಟಿನ ಕೊಳವೆಯ ಥ್ರೆಡ್ಡನ್ನೇ ತಿಂದುಹಾಕುತ್ತದೆ. ಗುಂಡುಗಳ ಬೆಲೆ ಅತ್ಯಲ್ಪ. ಬಟ್ಟಲಿಗೂ ಅಚ್ಚಿಗೂ ಅದಕ್ಕಿಂತ ಹೆಚ್ಚು. ಕೊಳವೆಯ ಥ್ರೆಡ್ಡು ಹೋದರೆ ಚೌಕಟ್ಟೇ ಹೋದಂತೆ. ಅಗ್ಗದ ವಸ್ತುವನ್ನು ಕಾಲಕ್ಕೆ ಬದಲಾಯಿಸಿದರೆ ದುಬಾರಿಯ ವಸ್ತು ಉಳಿಯುತ್ತದೆ. ನಡು ಅಚ್ಚಿನ ಆರೈಕೆಯ ತತ್ತ್ವವೆಲ್ಲ ಇಷ್ಟೇ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳು ನಾಲ್ಕು. ಯಾವುದಕ್ಕೂ ಆಯುಧ ಬೇಡ. ಮೊದಲನೆಯದು, ಕ್ರ್ಯಾಂಕನ್ನು ಹಿಡಿದು ಚೌಕಟ್ಟಿನ ಕಡೆಗೂ ಹೊರಕ್ಕೂ ಅಲ್ಲಾಡಿಸುವುದು. ಎರಡು ಕ್ರ್ಯಾಂಕುಗಳೂ ಒಟ್ಟಿಗೆ ಅಲುಗಿದರೆ ಅಚ್ಚು ಸಡಿಲ. ಒಂದು ಮಾತ್ರ ಅಲುಗಿದರೆ ದೋಷ ಆ ಬದಿಯ ಕಾಟರ್ ಪಿನ್ನಿನದು. ಕ್ರ್ಯಾಂಕನ್ನು ಬೇರೆಬೇರೆ ಸ್ಥಾನಗಳಲ್ಲಿ ನಿಲ್ಲಿಸಿ ಇದನ್ನೇ ಮಾಡಬೇಕು. ಎರಡನೆಯದು, ಚೈನನ್ನು ಹಲ್ಲುಚಕ್ರದಿಂದ ಕೆಳಗಿಳಿಸಿ ಪೆಡಲನ್ನು ತಿರುಗಿಸಿಬಿಟ್ಟು, ಸೀಟಿನ ಕೆಳಗಿನ ಕೊಳವೆಗೆ ಬೆರಳ ತುದಿಯನ್ನು ಇಟ್ಟುಕೊಳ್ಳುವುದು. ಮರಳು ಅರೆದಂತೆ ಕಂಪಿಸಿದರೆ ಒಳಗೆ ಕೊಳೆಯಿದೆ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ತಡೆದರೆ ಅಚ್ಚು ಬಾಗಿದೆ ಅಥವಾ ಕೊರೆದುಹೋಗಿದೆ. ಮೂರನೆಯದು, ಒಂದು ಕ್ರ್ಯಾಂಕನ್ನು ನೇರ ಮುಂದಕ್ಕೆ ನಿಲ್ಲಿಸಿ ಮತ್ತೊಂದು ಅದರ ಸಾಲಿನಲ್ಲೇ ಹಿಂದಕ್ಕೆ ಇದೆಯೇ ಎಂದು ನೋಡುವುದು. ಸಾಲು ತಪ್ಪಿದ್ದರೆ ಬೆಣೆ ಸವೆದಿದೆ, ಇಲ್ಲವೇ ತಪ್ಪಾಗಿ ಕೂತಿದೆ, ಅಥವಾ ಕ್ರ್ಯಾಂಕೇ ಬಾಗಿದೆ. ನಾಲ್ಕನೆಯದು, ಕೊಳವೆಯ ಬಾಯಿಗಳನ್ನು ನೋಡುವುದು. ಅಲ್ಲಿಂದ ತುಕ್ಕಿನ ಕೆಂಪು ಒಸರಿದ್ದರೆ ಹೊರಗಿನ ಹೊಸ ಬಣ್ಣವನ್ನು ನಂಬಬೇಡಿ.

ಬಿಚ್ಚುವ ಕೆಲಸಕ್ಕೆ ಹಿಂದಿನ ರಾತ್ರಿಯೇ ಕಾಟರ್ ಪಿನ್ನುಗಳಿಗೆ ಸೀಮೆಎಣ್ಣೆ ಬಿಡುವುದು ಒಳ್ಳೆಯದು. ಚೈನನ್ನು ಇಳಿಸಿ, ಪಿನ್ನಿನ ನಟ್ಟನ್ನು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ನಟ್ಟು ಪಿನ್ನಿನ ತುದಿಗೆ ಸಮನಾಗಿರಲಿ. ಕ್ರ್ಯಾಂಕಿನ ಕೆಳಗೆ ಪಿನ್ನಿನ ತಲೆಗೆ ಎಡೆಯುಳ್ಳ ಗಟ್ಟಿ ಕೊಳವೆಯ ಆಧಾರ ಕೊಟ್ಟು, ನಟ್ಟಿನ ಮೇಲೆ ಮರದ ತುಂಡನ್ನಿಟ್ಟು ಒಂದೇ ಗಟ್ಟಿ ಪೆಟ್ಟು ಕೊಡಬೇಕು. ಆಧಾರವಿಲ್ಲದೆ ಕೊಟ್ಟ ಹತ್ತು ಪೆಟ್ಟುಗಳು ಬೀಳುವುದು ಗುಂಡುಗಳ ಮೇಲೆಯೇ. ಎರಡು ಕ್ರ್ಯಾಂಕುಗಳೂ ಬಂದ ಮೇಲೆ ಎಡಗಡೆಯ ಲಾಕ್ ರಿಂಗನ್ನೂ ಬಟ್ಟಲನ್ನೂ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ ತೆಗೆಯಬೇಕು. ಕೆಳಗೆ ಬಟ್ಟೆ ಹಾಸಿದ್ದರೆ ಗುಂಡುಗಳು ಚೆಲ್ಲಿಹೋಗುವುದಿಲ್ಲ. ಅಚ್ಚಿನ ಒಂದು ತುದಿ ಉದ್ದವಾಗಿರುವುದುಂಟು; ಅದು ಹಲ್ಲುಚಕ್ರದ ಬದಿಯದು, ಮರೆಯದಿರಲು ಗುರುತು ಮಾಡಿಕೊಳ್ಳಿ.

ಬಲಗಡೆಯ ಬಟ್ಟಲಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಇಂಗ್ಲೆಂಡಿನ ಪದ್ಧತಿಯನ್ನು ಅನುಸರಿಸಿದ ಸೈಕಲ್ಲುಗಳಲ್ಲಿ ಅದರ ಥ್ರೆಡ್ಡು ಎಡಮುರಿ. ಸವಾರಿಯಲ್ಲಿ ಬಟ್ಟಲು ತಾನಾಗಿ ಬಿಚ್ಚಿಕೊಳ್ಳದಿರಲೆಂಬುದೇ ಇದರ ಉದ್ದೇಶ. ಲೋಕದ ತಿರುಪುಗಳಂತೆಯೇ ಇದೂ ಎಂದು ಎಣಿಸಿ ಎಡಕ್ಕೆ ಬಲವಂತ ಮಾಡಿದರೆ ಬಟ್ಟಲು ಇನ್ನಷ್ಟು ಬಿಗಿದುಕೊಳ್ಳುತ್ತದೆ, ಥ್ರೆಡ್ಡು ಹರಿಯುವ ಭಯವೂ ಉಂಟು. ಅದು ಚೆನ್ನಾಗಿದ್ದರೆ ತೆಗೆಯಲೇಬೇಕಾಗಿಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನಿಂದಲೇ ಒರೆಸಬಹುದು.

ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಗುಂಡುಗಳು ಓಡಿದ ಜಾಡು ನಯವಾಗಿ ಹೊಳೆಯುತ್ತಿದ್ದರೆ ಅಚ್ಚೂ ಬಟ್ಟಲೂ ಇನ್ನೂ ಬಾಳುತ್ತವೆ. ಸಾಸಿವೆ ಹುಗಿದಂಥ ಗುಳಿಗಳಿದ್ದರೆ ಬದಲಾಯಿಸಲೇಬೇಕು. ಎಷ್ಟು ಗ್ರೀಸು ತುಂಬಿದರೂ ಗುಳಿ ಮುಚ್ಚುವುದಿಲ್ಲ. ಗುಂಡುಗಳನ್ನಂತೂ ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಹಾಕಬೇಕು. ಹಳೆಯದರೊಡನೆ ಹೊಸದನ್ನು ಬೆರೆಸಿದರೆ ದೊಡ್ಡವಾದ ಕೆಲವೇ ಗುಂಡುಗಳ ಮೇಲೆ ಭಾರವೆಲ್ಲ ಬೀಳುತ್ತದೆ.

ಬಟ್ಟಲಿಗೆ ಧಾರಾಳವಾಗಿ ಗ್ರೀಸು ಹಚ್ಚಿ ಹನ್ನೊಂದು ಗುಂಡುಗಳನ್ನು ಜೋಡಿಸಿದಾಗ ಸ್ವಲ್ಪ ಎಡೆ ಉಳಿಯುತ್ತದೆ. ಜಾಗವಿದೆಯೆಂದು ಹನ್ನೆರಡನೆಯದನ್ನು ತುರುಕಬಾರದು. ಉರುಳಲು ಎಡೆ ಬೇಕು. ಎಡಗಡೆಯ ಬಟ್ಟಲನ್ನು ಮುಟ್ಟುವಷ್ಟು ತಿರುಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತಂದು, ಅದು ಅಲುಗದಂತೆ ಹಿಡಿದುಕೊಂಡೇ ಲಾಕ್ ರಿಂಗನ್ನು ಬಿಗಿಯಬೇಕು. ಅಚ್ಚು ಅಲುಗಲೂ ಬಾರದು, ತಡೆಯಲೂ ಬಾರದು. ಕಾಟರ್ ಪಿನ್ನುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಹಾಕಿದರೆ ಕ್ರ್ಯಾಂಕುಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕೆಲವು ಕಿಲೋಮೀಟರು ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ಅವಶ್ಯ. ಕೂತ ಬೆಣೆ ಆಗ ಸ್ವಲ್ಪ ಸಡಿಲವಾಗಿರುತ್ತದೆ.

ನೀರು ಕೆಳಗಿನಿಂದ ಮಾತ್ರ ಬರುತ್ತದೆಂಬುದು ತಪ್ಪು ಕಲ್ಪನೆ. ಸೀಟಿನ ಕಂಬದ ಸಂದಿನಿಂದ ಇಳಿದ ಮಳೆನೀರು ಕೊಳವೆಯೊಳಗೇ ಹರಿದು ಅಚ್ಚಿನ ಮನೆಯಲ್ಲಿ ನಿಲ್ಲುತ್ತದೆ. ಆ ಸಂದಿಗೆ ಗ್ರೀಸು ಹಚ್ಚಿ, ಮಳೆಗಾಲದಲ್ಲಿ ಸೀಟಿಗೆ ಹೊದಿಕೆ ಹಾಕುವುದು ಲೇಸು. ಅಚ್ಚಿನ ಸುತ್ತ, ಎರಡು ಬಟ್ಟಲುಗಳ ನಡುವೆ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಮಾಡಿ ಕೂರಿಸಿದರೆ ಮೇಲಿನಿಂದ ಉದುರುವ ತುಕ್ಕು ಗುಂಡುಗಳನ್ನು ಮುಟ್ಟುವುದಿಲ್ಲ. ರಭಸದ ನೀರಿನ ಪಂಪನ್ನು ಈ ಭಾಗಕ್ಕೆ ಹಿಡಿಯಬಾರದು. ತೆಂಗಿನ ಎಣ್ಣೆ ಕರಾವಳಿಯ ಮನೆಮನೆಯಲ್ಲೂ ಉಂಟು. ಆದರೆ ಇಲ್ಲಿಗೆ ಅದು ಸಲ್ಲದು, ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿಯುತ್ತದೆ.

ಇತ್ತೀಚಿನ ಹಲವು ಸೈಕಲ್ಲುಗಳಲ್ಲಿ ಗುಂಡುಗಳು ಮುಚ್ಚಿದ ಡಬ್ಬಿಯೊಳಗಿರುತ್ತವೆ. ಅದನ್ನು ಬಿಚ್ಚಿ ತೊಳೆಯುವಂತಿಲ್ಲ. ಕೆಟ್ಟರೆ ಇಡಿಯಾಗಿ ಬದಲಾಯಿಸಬೇಕು. ಕ್ರ್ಯಾಂಕನ್ನು ಕಳಚಲು ಅದಕ್ಕೇ ತಕ್ಕ ಎಳೆಯುವ ಉಪಕರಣ ಬೇಕು; ಸುತ್ತಿಗೆಯ ಕೆಲಸ ಅಲ್ಲಿ ನಡೆಯದು. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಮೊದಲನೆಯದೂ ಎರಡನೆಯದೂ ಅದಕ್ಕೂ ಹಾಗೆಯೇ ಅನ್ವಯಿಸುತ್ತವೆ.

ಈ ಕೆಲಸಕ್ಕೆ ಯೋಗ್ಯ ಕಾಲ ಯಾವುದೆಂದರೆ, ಮಳೆ ಹಿಂದೆಗೆಯುವ ನವರಾತ್ರಿಯ ಕಾಲ. ಆಯುಧಪೂಜೆಯ ದಿನ ನಾವು ಸೈಕಲ್ಲನ್ನು ತೊಳೆದು, ಕುಂಕುಮವಿಟ್ಟು, ಹೂವಿನ ಮಾಲೆ ಹಾಕುತ್ತೇವೆ. ಅದರ ಹಿಂದಿನ ದಿನವೇ ಅಂಗಡಿಯವರ ಮಾತಿನಲ್ಲಿ ಓವರಾಯ್ಲಿಂಗ್ ಎನ್ನುವ ಕೆಲಸವನ್ನು ಮಾಡಿ ಮುಗಿಸಿದರೆ ಪೂಜೆಗೆ ಅರ್ಥ ಬರುತ್ತದೆ. ಸ್ವತಃ ಮಾಡಲಾರದವರು ಅಂಗಡಿಗೆ ಕೊಡಲಿ. ಆದರೆ ಬಿಚ್ಚಿದ ಬಟ್ಟಲನ್ನು ತೋರಿಸೆಂದು ಕೇಳಿ ತಾವೇ ಬೆಳಕಿಗೆ ಹಿಡಿದು ನೋಡಲಿ. ಯಾರಿಗಾದರೂ ತಮ್ಮ ಹಳೆಯ ಸೈಕಲ್ಲನ್ನು ಕೊಡುವವರಂತೂ ಹೊಸ ಬಣ್ಣ ಬಳಿಯುವ ಖರ್ಚನ್ನು ಉಳಿಸಿ, ಇಪ್ಪತ್ತೆರಡು ಹೊಸ ಗುಂಡುಗಳನ್ನು ಹಾಕಿಸಿ ಕೊಡಲಿ. ಪಡೆದವರಿಗೆ ಮುಂದಿನ ಮಳೆಗಾಲದವರೆಗೂ ಅದರ ಉಪಯೋಗ ದಿನದಿನವೂ ತಿಳಿಯುತ್ತದೆ.