ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಲೆವಿಶಾಮ್ ಆಸ್ಪತ್ರೆ ಕಲಿಸಿದ ಪಾಠ

(ಸಾರ್ವಜನಿಕ ಆರೋಗ್ಯ ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ಊರಿನ ಆಸ್ಪತ್ರೆಯ ಭವಿಷ್ಯವನ್ನು ನಿರ್ಧರಿಸುವ ಅಧಿಕಾರ ಯಾರದು? ಅದನ್ನು ಕಟ್ಟಲು ತೆರಿಗೆ ಕೊಟ್ಟ ಜನರದೋ, ಅಲ್ಲಿ ದುಡಿಯುವ ವೈದ್ಯರು ಮತ್ತು ದಾದಿಯರದೋ, ರಾಜಧಾನಿಯಲ್ಲಿ ಕುಳಿತು ಕಡತಕ್ಕೆ ಸಹಿ ಹಾಕುವ ಸಚಿವರದೋ? ಈ ಪ್ರಶ್ನೆಗೆ ಲಂಡನ್ ಮಹಾನಗರದ ಒಂದು ಸಾಮಾನ್ಯ ಬಡಾವಣೆಯ ಜನರು ಹತ್ತು ಹನ್ನೆರಡು ವರ್ಷಗಳ ಹಿಂದೆ ಉತ್ತರ ಕಂಡುಕೊಂಡರು. ಆ ಉತ್ತರ ಬೀದಿಯಲ್ಲಿ ಆರಂಭವಾಗಿ ನ್ಯಾಯಾಲಯದಲ್ಲಿ ಪೂರ್ಣಗೊಂಡಿತು. ಆ ಕಥೆಯನ್ನು ತಮ್ಮ ಮುಂದಿಟ್ಟು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಹೇಳುವುದಷ್ಟೇ ನಮ್ಮ ಉದ್ದೇಶ.

ಲಂಡನ್ನಿನ ಆಗ್ನೇಯ ಭಾಗದಲ್ಲಿರುವ ಲೆವಿಶಾಮ್‌ನ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 2.75 ಲಕ್ಷ. ನಾನಾ ದೇಶಗಳಿಂದ ಬಂದು ನೆಲೆಸಿದವರು, ದುಡಿದು ತಿನ್ನುವವರು ಅಲ್ಲಿ ಬಹಳ ಮಂದಿ. 1948ರಲ್ಲಿ ಜಾರಿಗೆ ಬಂದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಒಂದು ಆಸ್ಪತ್ರೆ ಅಲ್ಲಿದೆ. ತುರ್ತು ಚಿಕಿತ್ಸೆಗಾಗಲಿ ಹೆರಿಗೆಗಾಗಲಿ ರೋಗಿಯಿಂದ ಹಣ ಕೇಳದ ವ್ಯವಸ್ಥೆ ಅದು. ಲೆವಿಶಾಮ್ ಆಸ್ಪತ್ರೆಯ ಆಡಳಿತ ಚೆನ್ನಾಗಿತ್ತು, ಲೆಕ್ಕಪತ್ರ ಸರಿಯಾಗಿತ್ತು. ಸುಮಾರು 1.2 ಕೋಟಿ ಪೌಂಡ್ ವೆಚ್ಚದಲ್ಲಿ ನವೀಕರಿಸಿದ ತುರ್ತು ಚಿಕಿತ್ಸಾ ವಿಭಾಗ 2012ರಲ್ಲಷ್ಟೇ ಸೇವೆಗೆ ತೆರೆದುಕೊಂಡಿತ್ತು.

ಹಾಗಿದ್ದರೆ ಗಂಡಾಂತರ ಎಲ್ಲಿಂದ ಬಂತು? ನೆರೆಮನೆಯಿಂದ. ಪಕ್ಕದ ಪ್ರದೇಶಗಳ ಆಸ್ಪತ್ರೆಗಳನ್ನು 2009ರಲ್ಲಿ ಒಂದುಗೂಡಿಸಿ ಸೌತ್ ಲಂಡನ್ ಹೆಲ್ತ್‌ಕೇರ್ ಎಂಬ ಟ್ರಸ್ಟ್ ರಚಿಸಲಾಗಿತ್ತು. ಅವುಗಳಲ್ಲಿ ಎರಡು ಆಸ್ಪತ್ರೆಗಳ ಕಟ್ಟಡಗಳು ಪ್ರೈವೇಟ್ ಫೈನಾನ್ಸ್ ಇನಿಶಿಯೇಟಿವ್ ಎಂಬ ಪದ್ಧತಿಯಲ್ಲಿ ನಿರ್ಮಾಣಗೊಂಡಿದ್ದವು. 1992ರಲ್ಲಿ ಕನ್ಸರ್ವೇಟಿವ್ ಸರಕಾರ ಆರಂಭಿಸಿದ ಈ ಪದ್ಧತಿಯನ್ನು ಮುಂದೆ ಲೇಬರ್ ಸರಕಾರ ಇನ್ನಷ್ಟು ವಿಸ್ತರಿಸಿತು. ಅದರ ತಿರುಳು ಸರಳ. ಖಾಸಗಿ ಕಂಪೆನಿಗಳು ಸಾಲ ತಂದು ಆಸ್ಪತ್ರೆ ಕಟ್ಟುತ್ತವೆ. ಸರಕಾರಿ ಟ್ರಸ್ಟ್ ದಶಕಗಳ ಕಾಲ ಅಸಲು, ಬಡ್ಡಿ, ನಿರ್ವಹಣಾ ವೆಚ್ಚ ಮತ್ತು ಲಾಭವನ್ನು ಕಂತಿನಲ್ಲಿ ತೀರಿಸುತ್ತದೆ. ರೋಗಿಗಳು ಹೆಚ್ಚಾಗಲಿ, ಕಡಿಮೆಯಾಗಲಿ, ಕಂತು ತಪ್ಪುವಂತಿಲ್ಲ. ಪರಿಣಾಮವಾಗಿ ಆ ಟ್ರಸ್ಟ್ ವಾರಕ್ಕೆ ಹತ್ತು ಲಕ್ಷ ಪೌಂಡ್‌ಗೂ ಹೆಚ್ಚು ನಷ್ಟ ಅನುಭವಿಸತೊಡಗಿತು.

2012ರ ಜುಲೈಯಲ್ಲಿ ಸರಕಾರ ಆ ಟ್ರಸ್ಟಿಗೆ ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸಿತು. ಅಕ್ಟೋಬರ್ ಕೊನೆಯಲ್ಲಿ ಅವರ ಕರಡು ವರದಿ ಹೊರಬಿತ್ತು. ನಷ್ಟದಲ್ಲಿದ್ದ ಟ್ರಸ್ಟನ್ನು ಸರಿಪಡಿಸಲು ಅವರು ಸೂಚಿಸಿದ ಮದ್ದಿನಲ್ಲಿ, ಆ ಟ್ರಸ್ಟಿಗೆ ಸಂಬಂಧವೇ ಇಲ್ಲದ ಲೆವಿಶಾಮ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗವನ್ನು ಮುಚ್ಚುವುದು, ಹೆರಿಗೆ ಸೇವೆಯನ್ನು ಮೊಟಕುಗೊಳಿಸುವುದು, ಭೂಮಿಯ ದೊಡ್ಡ ಭಾಗವನ್ನು ಮಾರುವುದು ಸೇರಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜನರು ಸುಮ್ಮನಿರಲಿಲ್ಲ. ವರದಿ ಬಂದು ಒಂದು ತಿಂಗಳು ತುಂಬುವ ಮೊದಲೇ, ನವೆಂಬರ್ 24ರಂದು, ಸುರಿಯುವ ಮಳೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಮೆರವಣಿಗೆ ಹೊರಟರು. 2013ರ ಜನವರಿ 26ರ ಎರಡನೆಯ ಮೆರವಣಿಗೆಯಲ್ಲಿ, ಸಂಘಟಕರ ಲೆಕ್ಕದಂತೆ, ಇಪ್ಪತ್ತೈದು ಸಾವಿರ ಜನರಿದ್ದರು. ನಾವು ಗಮನಿಸಬೇಕಾದ ಸಂಗತಿಯೆಂದರೆ, ಈ ಚಳವಳಿಯ ಮುಂಚೂಣಿಯಲ್ಲಿ ವೈದ್ಯರೇ ಇದ್ದರು. ಆ ಪ್ರದೇಶದ ಕುಟುಂಬ ವೈದ್ಯೆ ಲೂಯಿಸ್ ಇರ್ವಿನ್ ಹೋರಾಟ ಸಮಿತಿಯ ಅಧ್ಯಕ್ಷರಾಗಿದ್ದರು. ಆಸ್ಪತ್ರೆಯ ತಜ್ಞರು, ದಾದಿಯರು, ತಾಯಂದಿರು, ಪಿಂಚಣಿದಾರರು, ವಿದ್ಯಾರ್ಥಿಗಳು ಜೊತೆಗೂಡಿದರು. ಸ್ಥಳೀಯ ಕೌನ್ಸಿಲ್ ತನ್ನ ಜನರ ಪರ ನಿಂತಿತು.

ಆದರೂ ಜನವರಿ 31ರಂದು ಆರೋಗ್ಯ ಸಚಿವ ಜೆರೆಮಿ ಹಂಟ್ ಯೋಜನೆಯನ್ನು ಸ್ವಲ್ಪ ಬದಲಾವಣೆಯೊಂದಿಗೆ ಒಪ್ಪಿಕೊಂಡರು. ತುರ್ತು ವಿಭಾಗ ಪೂರ್ತಿ ಮುಚ್ಚುವುದಿಲ್ಲ, ಆದರೆ ಕಿರಿದಾಗುತ್ತದೆ ಎಂದರು. ಗಂಭೀರ ರೋಗಿಗಳ ಚಿಕಿತ್ಸೆಯನ್ನು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಕೇಂದ್ರೀಕರಿಸಿದರೆ ವರ್ಷಕ್ಕೆ ನೂರು ಜೀವಗಳನ್ನು ಉಳಿಸಬಹುದು ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಕೆಲವು ಕಾಯಿಲೆಗಳಿಗೆ ತಜ್ಞರ ದೊಡ್ಡ ಕೇಂದ್ರವೇ ಮೇಲು. ಆದರೆ ಉಸಿರಾಟದ ತೊಂದರೆಯಿಂದ ಒದ್ದಾಡುವ ಮಗುವಿಗೆ, ಹೆರಿಗೆ ನೋವಿನ ತಾಯಿಗೆ ಹತ್ತಿರದ ಬಾಗಿಲೇ ಜೀವ. ಆ ಬಾಗಿಲನ್ನು ಮುಚ್ಚಲು ಹೊರಟದ್ದು ವೈದ್ಯಕೀಯ ಅಗತ್ಯದಿಂದಲೋ, ಸಾಲದ ಕಂತಿನ ಒತ್ತಡದಿಂದಲೋ ಎಂಬುದೇ ಲೆವಿಶಾಮ್‌ನ ವೈದ್ಯರ ಪ್ರಶ್ನೆಯಾಗಿತ್ತು.

ಜನರು ಆಗ ಎರಡು ಕೆಲಸ ಮಾಡಿದರು. ಜೂನ್ 29ರಂದು ಕ್ಯಾಟ್‌ಫರ್ಡ್‌ನ ಬ್ರಾಡ್‌ವೇ ರಂಗಮಂದಿರದಲ್ಲಿ ಖ್ಯಾತ ವಕೀಲ ಮೈಕಲ್ ಮ್ಯಾನ್ಸ್‌ಫೀಲ್ಡ್‌ರ ಅಧ್ಯಕ್ಷತೆಯಲ್ಲಿ ಜನತಾ ವಿಚಾರಣಾ ಆಯೋಗವನ್ನು ನಡೆಸಿ, ಸಾಕ್ಷ್ಯಗಳನ್ನು ಬಹಿರಂಗವಾಗಿ ದಾಖಲಿಸಿದರು. ಜೊತೆಗೆ, ಹೋರಾಟ ಸಮಿತಿಯೂ ಕೌನ್ಸಿಲ್ಲೂ ಹೈಕೋರ್ಟಿನ ಮೆಟ್ಟಿಲೇರಿದವು. ಅವರ ಮುಖ್ಯ ಪ್ರಶ್ನೆ ಒಂದೇ: ಒಂದು ಟ್ರಸ್ಟಿಗಾಗಿ ನೇಮಕಗೊಂಡ ಅಧಿಕಾರಿ ಮತ್ತೊಂದು ಟ್ರಸ್ಟಿನ ಆಸ್ಪತ್ರೆಯ ಮೇಲೆ ಕೈಯಿಡಬಹುದೇ? 2013ರ ಜುಲೈ 31ರಂದು ನ್ಯಾಯಮೂರ್ತಿ ಸಿಲ್ಬರ್, ಸಚಿವರು ತಮ್ಮ ಅಧಿಕಾರದ ಮೇರೆಯನ್ನು ಮೀರಿದ್ದಾರೆ ಎಂದು ತೀರ್ಪಿತ್ತರು. ಸರಕಾರ ಮೇಲ್ಮನವಿ ಸಲ್ಲಿಸಿತು. ಅಕ್ಟೋಬರ್ 29ರಂದು ಮೇಲ್ಮನವಿ ನ್ಯಾಯಾಲಯವೂ ಅದೇ ತೀರ್ಪನ್ನು ಎತ್ತಿಹಿಡಿಯಿತು. ಆಸ್ಪತ್ರೆ ಉಳಿಯಿತು.

ಕಥೆಯನ್ನು ಇಲ್ಲಿಗೆ ಮುಗಿಸಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ಸತ್ಯ ಅಷ್ಟು ಸುಲಭವಲ್ಲ. ನ್ಯಾಯಾಲಯದಲ್ಲಿ ಸೋತ ಸರಕಾರ ಕಾನೂನನ್ನೇ ಬದಲಾಯಿಸಿತು. 2014ರ ಕೇರ್ ಆ್ಯಕ್ಟ್ ಮೂಲಕ, ವಿಶೇಷ ಆಡಳಿತಾಧಿಕಾರಿಯ ಶಿಫಾರಸು ನೆರೆಯ ಆಸ್ಪತ್ರೆಗಳಿಗೂ ಅನ್ವಯಿಸಲು ಅವಕಾಶ ಮಾಡಿಕೊಂಡಿತು. ಲೆವಿಶಾಮ್ ಬಚಾವಾಯಿತು, ಮುಂದಿನ ಊರಿನ ಕಾವಲು ಸಡಿಲವಾಯಿತು. ಇನ್ನೊಂದೆಡೆ, ಈ ಎಲ್ಲ ಅನಾಹುತಕ್ಕೆ ಮೂಲವಾದ ಖಾಸಗಿ ಹಣಕಾಸು ಪದ್ಧತಿಯಲ್ಲಿ ಇನ್ನು ಹೊಸ ಒಪ್ಪಂದಗಳಿಲ್ಲವೆಂದು ಅದೇ ಪಕ್ಷದ ಸರಕಾರ 2018ರಲ್ಲಿ ಪ್ರಕಟಿಸಿತು. ಹಳೆಯ ಒಪ್ಪಂದಗಳ ಕಂತು ಮಾತ್ರ ತಪ್ಪಲಿಲ್ಲ.

ಸಹೋದರರೇ, ಇದು ಸಮುದ್ರದಾಚೆಯ ಸುದ್ದಿ ಎಂದು ನಾವು ನಿಶ್ಚಿಂತರಾಗುವಂತಿಲ್ಲ. ರಾಯಚೂರಿನ ಜನರು ಒಪೆಕ್ ಆಸ್ಪತ್ರೆ ಎಂದು ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಸುಮಾರು ಒಂದು ದಶಕ ಕಾಲ ಖಾಸಗಿ ಸಂಸ್ಥೆಯ ಕೈಗೆ ಒಪ್ಪಿಸಿದ್ದ ರಾಜ್ಯ ನಮ್ಮದು. 2020ರಲ್ಲಿ ನೀತಿ ಆಯೋಗವು ಜಿಲ್ಲಾಸ್ಪತ್ರೆಗಳನ್ನು ಖಾಸಗಿ ವೈದ್ಯಕೀಯ ಕಾಲೇಜುಗಳೊಂದಿಗೆ ಜೋಡಿಸಿ, 60 ವರ್ಷಗಳ ಅವಧಿಗೆ ಅವರ ನಿರ್ವಹಣೆಗೆ ಕೊಡುವ ಮಾದರಿಯನ್ನು ಮುಂದಿಟ್ಟಿತು. ಹಾಸಿಗೆಗಳಲ್ಲಿ ಒಂದು ಭಾಗ ನಿಯಂತ್ರಿತ ದರದ್ದು, ಇನ್ನೊಂದು ಭಾಗ ಮಾರುಕಟ್ಟೆ ದರದ್ದು. 2025ರಲ್ಲಿ ವಿಜಯಪುರದ ಜನರು, ನಮಗೆ ಸಹಭಾಗಿತ್ವದ ಕಾಲೇಜು ಬೇಡ, ಸರಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ಧರಣಿ ಕುಳಿತರು. ಅರುವತ್ತು ವರ್ಷಗಳೆಂದರೆ ಎರಡು ತಲೆಮಾರು. ಇಂದು ಸಹಿ ಹಾಕುವವರು ಅದರ ಫಲ ಉಣ್ಣಲು ಇರುವುದಿಲ್ಲ.

ಸರಕಾರಿ ಆಸ್ಪತ್ರೆಗಳು ಕೊಳಕಾಗಿವೆ, ವೈದ್ಯರಿಲ್ಲ, ಔಷಧಿಯಿಲ್ಲ, ಖಾಸಗಿಯವರಾದರೂ ನಡೆಸಲಿ ಎನ್ನುವವರಿದ್ದಾರೆ. ಅವರ ಸಿಟ್ಟು ನ್ಯಾಯವಾದುದೇ. ಆದರೆ ಮನೆಯ ಮಾಡು ಸೋರುತ್ತದೆಂದು ಮನೆಯ ಹಕ್ಕುಪತ್ರವನ್ನು ಯಾರಾದರೂ ಬರೆದುಕೊಡುತ್ತಾರೆಯೇ? ಹಂಚು ಬದಲಿಸಬೇಕು.

ನಮ್ಮ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ಬದಿಗಿರಿಸುವುದು. ಆ ಪದದ ಮೂಲಾರ್ಥ ಬೇರೆ: ನಂಬಿಕೆಯಿಟ್ಟು ಒಪ್ಪಿಸಿದ ವಸ್ತು. ಸಾರ್ವಜನಿಕ ಆಸ್ಪತ್ರೆ ಆಡಳಿತಗಾರರ ಕೈಯಲ್ಲಿರುವ ಜನರ ಅಮಾನತು. ಕಾಯುವವನಿಗೆ ಮಾರುವ ಹಕ್ಕಿಲ್ಲ. ಒಪ್ಪಿಸಿದವನಿಗೆ ಮರೆಯುವ ಹಕ್ಕೂ ಇಲ್ಲ.

ಈ ಎರಡನೆಯ ಮಾತು ನಮಗೆ ಸಂಬಂಧಿಸಿದ್ದು. ನಮ್ಮ ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಯಾರು, ಅದು ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ ಎಂದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು? ಖಾಲಿಯಿರುವ ವೈದ್ಯರ ಹುದ್ದೆಗಳೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದವರೆಷ್ಟು? ರೋಗಿ ತೀರಿಕೊಂಡಾಗ ಗಾಜು ಒಡೆದು, ದಾದಿಯನ್ನು ಬೈದು ಮನೆಗೆ ಮರಳುವುದು ಹೋರಾಟವಲ್ಲ. ಲೆವಿಶಾಮ್‌ನ ಜನರು ತಮ್ಮ ವೈದ್ಯರನ್ನು ವೈರಿಗಳೆಂದು ಬಗೆಯಲಿಲ್ಲ, ಜೊತೆಗೆ ಕರೆದೊಯ್ದರು. ಭಾವನೆಯನ್ನು ಬೀದಿಯಲ್ಲಿ ತೋರಿಸಿದರು, ವಾದವನ್ನು ಕಾನೂನಿನ ಪುಟದಲ್ಲಿ ಹುಡುಕಿದರು. ಧರ್ಮ, ಬಣ್ಣ, ಪಕ್ಷ ಯಾವುದೆಂದು ಪರಸ್ಪರ ಕೇಳಿಕೊಳ್ಳುತ್ತಾ ಕುಳಿತಿದ್ದರೆ ಅವರ ತುರ್ತು ವಿಭಾಗ ಅಂದೇ ಕಿರಿದಾಗುತ್ತಿತ್ತು.

ಆದ್ದರಿಂದ ಈ ಸಭೆಯಿಂದ ಹೊರಡುವಾಗ ನಾವು ಒಂದು ಸಣ್ಣ ನಿರ್ಧಾರ ಮಾಡೋಣ. ಪ್ರತಿಯೊಂದು ಊರಿನಿಂದ ಐದು ಮಂದಿ, ಎಲ್ಲ ಸಮುದಾಯದವರೂ ಸೇರಿ, ಮುಂದಿನ ತಿಂಗಳು ತಮ್ಮ ಸರಕಾರಿ ಆಸ್ಪತ್ರೆಗೆ ಹೋಗಲಿ. ಕಾಯಿಲೆಯಿಲ್ಲದಾಗಲೇ ಹೋಗಲಿ. ವೈದ್ಯಾಧಿಕಾರಿಯನ್ನು ಗೌರವದಿಂದ ಕಂಡು, ಇಲ್ಲಿನ ಕೊರತೆಯೇನು, ನಾವೇನು ಮಾಡಬೇಕು ಎಂದು ಕೇಳಲಿ. ಬಾಗಿಲು ಮುಚ್ಚುವ ಆದೇಶ ಬಂದ ದಿನ ಜನ ಸೇರಿಸುವುದು ಕಷ್ಟ. ಅದಕ್ಕಿಂತ ಮೊದಲೇ ಪರಿಚಯವಿದ್ದವರು ಮಾತ್ರ ಮಳೆಯಲ್ಲೂ ಬರುತ್ತಾರೆ.