ಕರುಳಿನ ಹಾರ್ಮೋನುಗಳ ಶೋಧ

1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳಾದ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ಅರಿವಳಿಕೆ ಕೊಟ್ಟ ನಾಯಿಯ ಸಣ್ಣ ಕರುಳಿನ ಒಂದು ಭಾಗಕ್ಕೆ ಬರುವ ನರಗಳನ್ನೆಲ್ಲ ಕತ್ತರಿಸಿ ಅದರೊಳಗೆ ಆಮ್ಲವನ್ನು ಬಿಟ್ಟರು. ನರಗಳ ಸಂಪರ್ಕ ಕಡಿದಿದ್ದರೂ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸ್ರವಿಸಿತು. ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಂದಿಗೆ ಅರೆದು, ಸೋಸಿದ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದಾಗಲೂ ಅದೇ ಫಲ ಕಂಡಿತು. ಹೀಗೆ ದೊರೆತ ಸೆಕ್ರಿಟಿನ್ ಎಂಬ ವಸ್ತುವಿನಂತೆ, ರಕ್ತದಲ್ಲಿ ಹರಿದು ದೂರದ ಅಂಗಕ್ಕೆ ಆದೇಶ ಮುಟ್ಟಿಸುವ ರಾಸಾಯನಿಕಗಳಿಗೆ ಸ್ಟಾರ್ಲಿಂಗ್ 1905ರಲ್ಲಿ ಹಾರ್ಮೋನು ಎಂಬ ಹೆಸರನ್ನು ಬಳಸಿದರು.

ರಕ್ತದ ಸಕ್ಕರೆಯನ್ನು ಇಳಿಸುವ ಕರುಳಿನ ಅಂಶವೊಂದಕ್ಕೆ ಬೆಲ್ಜಿಯಂನ ಜೀನ್ ಲಾ ಬಾರ್ 1932ರಲ್ಲಿ ಇನ್‌ಕ್ರಿಟಿನ್ ಎಂದು ಹೆಸರಿಟ್ಟರೂ, ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ವಿಧಾನ ಬರುವವರೆಗೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ರಕ್ತನಾಳಕ್ಕೆ ಕೊಟ್ಟ ಗ್ಲೂಕೋಸಿಗಿಂತ ಬಾಯಿಂದ ಕುಡಿಸಿದ ಗ್ಲೂಕೋಸು ಹೆಚ್ಚು ಇನ್ಸುಲಿನ್ನನ್ನು ಹೊರಡಿಸುತ್ತದೆಂಬುದು 1964ರಲ್ಲಿ ಸ್ಪಷ್ಟವಾಯಿತು. ಮುಂದೆ ಜಿಐಪಿ ಮತ್ತು ಜಿಎಲ್‌ಪಿ-1 ಎಂಬ ಎರಡು ಇನ್‌ಕ್ರಿಟಿನ್‌ಗಳು ಪತ್ತೆಯಾದವು. ಜಿಎಲ್‌ಪಿ-1 ಇನ್ಸುಲಿನ್ನನ್ನು ಹೆಚ್ಚಿಸಿ, ಜಠರ ಬರಿದಾಗುವ ವೇಗವನ್ನು ತಗ್ಗಿಸಿ, ಮಿದುಳಿಗೆ ಹೊಟ್ಟೆ ತುಂಬಿದ ಅರಿವನ್ನು ನೀಡುತ್ತದೆಯಾದರೂ, ಡಿಪಿಪಿ-4 ಎಂಬ ಕಿಣ್ವವು ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಹಾಗೆ ಬೇಗ ಒಡೆಯದ ಇಂಥದೇ ಅಣುವನ್ನು ಅಮೆರಿಕದ ಜಾನ್ ಎಂಗ್ 1992ರಲ್ಲಿ ಹೀಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ವಿಷದಲ್ಲಿ ಕಂಡರು. ಅದರಿಂದ ರೂಪುಗೊಂಡ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧವಾಯಿತು. ಜಿಐಪಿ ಮತ್ತು ಜಿಎಲ್‌ಪಿ-1 ಎರಡರಂತೆಯೂ ವರ್ತಿಸುವ ಟಿರ್ಜೆಪಟೈಡ್ ಎಂಬ ಔಷಧ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು.

ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಅಂದಾಜಿಸಿರುವುದರಿಂದ, ಈ ಶೋಧವು ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದಂಥ ಊರಿಗೂ ಸಂಬಂಧಿಸಿದ್ದೇ ಆಗಿದೆ. ರಾಗಿಯೇ ಮುಖ್ಯ ಬೆಳೆಯಾದ ಈ ಸೀಮೆಯ ಊಟವನ್ನು ಈ ಜ್ಞಾನದ ಬೆಳಕಿನಲ್ಲಿ ನೋಡಬೇಕು. ಕಾಳು, ಸೊಪ್ಪು ಮತ್ತು ರಾಗಿಯ ಹೊಟ್ಟಿನಲ್ಲಿರುವ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿದಾಗ ಹುಟ್ಟುವ ಕಿರು ಕೊಬ್ಬಿನಾಮ್ಲಗಳು, ಜಿಎಲ್‌ಪಿ-1 ತಯಾರಿಸುವ ಎಲ್ ಕೋಶಗಳನ್ನು ಪ್ರಚೋದಿಸಬಲ್ಲವು. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯನ್ನು ಹೆಚ್ಚು ಉಂಡರೆ ಸಕ್ಕರೆ ಏರುತ್ತದೆ. ಆದ್ದರಿಂದ ಮುದ್ದೆಯ ಗಾತ್ರವನ್ನು ತಗ್ಗಿಸಿ, ಬಸ್ಸಾರಿನ ಕಾಳು-ಸೊಪ್ಪಿನ ಪಲ್ಯವನ್ನು ಹೆಚ್ಚಿಸುವುದು ವಿವೇಕ.

ಊಟ ಔಷಧಕ್ಕೆ ಬದಲಿಯಲ್ಲ. ಔಷಧ ಬೇಕಾದವರು ವೈದ್ಯರ ನಿಗಾದಲ್ಲಿ ಅದನ್ನು ಪಡೆಯಲೇಬೇಕು. ಆದರೆ ಜಿಎಲ್‌ಪಿ-1ರಂತೆ ವರ್ತಿಸಿ ತೂಕವನ್ನೂ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ನಿಲ್ಲಿಸಿದವರಲ್ಲಿ ಇಳಿದಿದ್ದ ತೂಕದ ಬಹುಪಾಲು ಒಂದು ವರ್ಷದೊಳಗೆ ಮರಳಿತೆಂದು ಪರೀಕ್ಷೆಗಳು ತೋರಿಸಿರುವುದರಿಂದ, ಚಿಕಿತ್ಸೆಯ ನಡುವೆಯೂ ನಂತರವೂ ಉಳಿಯುವ ಆಹಾರಕ್ರಮವನ್ನು ಜನರಿಗೆ ಕಲಿಸುವ ಹೊಣೆಯನ್ನು ಆರೋಗ್ಯ ವ್ಯವಸ್ಥೆ ಔಷಧದಷ್ಟೇ ಶ್ರದ್ಧೆಯಿಂದ ಹೊರಬೇಕಾಗಿದೆ.